ಸೀಸ: ಪದ ಮತ್ತು ಲೋಹ

ಸೀಸದಕಡ್ಡಿಯಲ್ಲಿ ಸೀಸವಿಲ್ಲ, ಅದರೊಳಗಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಗ್ರಾಫೈಟನ್ನು ಹಿಂದೆ ಸೀಸದ ಒಂದು ಬಗೆಯೆಂದು ಭಾವಿಸಿದ್ದರ ಫಲವಿದು. ಮರಾಠಿಯ ‘ಶಿಸಪೆನ್ಸಿಲ್’ ಕೂಡ ಅದೇ ತಪ್ಪಿನ ಕೂಸು. ತಮಿಳಿನ ‘ಈಯಂ’ ಇನ್ನೂ ತೊಡಕಿನದು. ಸೀಸಕ್ಕೂ ತವರಕ್ಕೂ ಅದೊಂದೇ ಪದ. ಭೇದ ಬೇಕಾದಾಗ ‘ಕಾರೀಯಂ’, ‘ವೆಳ್ಳೀಯಂ’ ಎನ್ನುವರು. ಸಾರು ಕುದಿಸುವ ‘ಈಯಚ್ಚೊಂಬು’ ತವರದ್ದೇ ಆಗಿರಬೇಕು. ಅದಕ್ಕೆ ಸೀಸ ಬೆರೆತಿದ್ದರೆ ಹುಣಸೆಯ ಹುಳಿ ಅದನ್ನು ಕರಗಿಸಿ ಸಾರಿಗಿಳಿಸುತ್ತದೆ. ಶಬ್ದಾರ್ಥದ ಗೊಂದಲ ಇಲ್ಲಿ ನಿಘಂಟಿನಲ್ಲಷ್ಟೇ ಉಳಿಯುವುದಿಲ್ಲ.

ನುಂಗಿದ ಸೀಸದಲ್ಲಿ ಎಳೆಯ ಮಗು ಹೀರಿಕೊಳ್ಳುವ ಪಾಲು ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಅಂಬೆಗಾಲಿಡುವ ಕೂಸು ನೆಲದ ಧೂಳನ್ನೂ ಉದುರಿದ ಹಳೆಯ ಬಣ್ಣದ ಚೂರನ್ನೂ ಬಾಯಿಗೊಯ್ಯುತ್ತದೆ. ಕಬ್ಬಿಣಾಂಶದ ಕೊರತೆಯಿದ್ದರಂತೂ ಹೀರಿಕೆ ಇನ್ನೂ ಅಧಿಕ. ಕ್ಯಾಲ್ಸಿಯಂನ ವೇಷದಲ್ಲಿ ಒಳಹೊಕ್ಕ ಸೀಸ ಎಲುಬಿನಲ್ಲಿ ವರ್ಷಗಟ್ಟಲೆ ತಂಗಿ, ಬೆಳೆಯುವ ಮಿದುಳನ್ನು ಕುಂದಿಸುತ್ತದೆ. ಹೊರಗೆ ಲಕ್ಷಣವೇ ತೋರದಿರಬಹುದು. ಆದ್ದರಿಂದಲೇ ರಕ್ತಪರೀಕ್ಷೆ ಅಗತ್ಯ. ಬೆರಳು ಚುಚ್ಚಿ ತೆಗೆದ ಹನಿಗೆ ಚರ್ಮದ ಮೇಲಿನ ಧೂಳೂ ಸೇರಬಹುದು. ಅದರಲ್ಲಿ ಪ್ರಮಾಣ ಹೆಚ್ಚು ಕಂಡರೆ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಖಚಿತಪಡಿಸಿಕೊಳ್ಳಬೇಕು. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದರೆ ಸೀಸದ ಮೂಲವನ್ನು ಹುಡುಕಿ ನಿವಾರಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅದಕ್ಕಿಂತ ಕಡಿಮೆಯಿದ್ದರೆ ನಿರಪಾಯವೆಂದು ಇದರ ಅರ್ಥವಲ್ಲ.

ಭಾರತದಲ್ಲಿ ಸೀಸಯುಕ್ತ ಪೆಟ್ರೋಲು 2000ದಲ್ಲಿ ನಿಂತಿತು. 2017ರ ನವೆಂಬರಿನಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ. ಅದಕ್ಕೂ ಮೊದಲು ಬಾಗಿಲು, ಕಿಟಕಿಗಳಿಗೆ ಬಳಿದ ಬಣ್ಣ ಮಾತ್ರ ಇದ್ದಲ್ಲೇ ಇದೆ. ಅದನ್ನು ಒಣಗಿದ್ದಂತೆಯೇ ಉಜ್ಜಬಾರದು, ನೀರು ಚಿಮುಕಿಸಿ ಉಜ್ಜಬೇಕು, ಮಗುವನ್ನು ಆ ಕೋಣೆಯಿಂದ ದೂರವಿರಿಸಬೇಕು.