ಮನೆಯ ಗಣಕಯಂತ್ರವನ್ನು ಬಂದ್ ಮಾಡಬೇಕೆ, ಬೇಡವೆ?

ನಮ್ಮ ಗಡಿಭಾಗದ ಹಳ್ಳಿಗಳಲ್ಲಿಯೂ ಈಗ ಕೆಲವು ಮನೆಗಳಿಗೆ ಗಣಕಯಂತ್ರ, ಅಂದರೆ ಕಂಪ್ಯೂಟರು ಬಂದಿದೆ. ಅದರೊಡನೆ ಒಂದು ವಾದವೂ ಬಂದಿದೆ. "ಕೆಲಸ ಮುಗೀತಿಲ್ಲೊ? ಬಂದ್ ಮಾಡಪಾ" ಎಂದು ತಾಯಿ ಕೂಗುತ್ತಾಳೆ. "ಇರ್ಲಿ ಬಿಡವ್ವಾ, ಘಳಿಗಿಗೊಮ್ಮೆ ಚಾಲೂ ಬಂದ್ ಮಾಡಿದ್ರ ಕೆಡತೈತಿ" ಎಂದು ಮಗನ ಉತ್ತರ. ಇವರಲ್ಲಿ ಯಾರ ಮಾತು ಸರಿ ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಮೊದಲು ವಿದ್ಯುತ್ತಿನ ಲೆಕ್ಕ. ಮೇಜಿನ ಮೇಲಿಡುವ ಗಣಕಯಂತ್ರವು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಉರಿಯುತ್ತಿದ್ದಾಗ, ಪರದೆಯೂ ಸೇರಿ, ಸುಮಾರು 75 ವ್ಯಾಟ್ ನುಂಗುತ್ತದೆಂದು ಹಿಡಿಯೋಣ. ಹಳೆಯ ಸೀಲಿಂಗ್ ಫ್ಯಾನು ನುಂಗುವುದೂ ಹೆಚ್ಚುಕಡಿಮೆ ಇಷ್ಟೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಮನೆಯ ಹಿರಿಯರು ಸುಮ್ಮನಿರುವರೆ? ರಾತ್ರಿ ಮಲಗಿದಾಗ ಮತ್ತು ಹಗಲು ಶಾಲೆಗೆ ಹೋದಾಗ ಸೇರಿ ದಿನಕ್ಕೆ 14 ತಾಸು ಹೀಗೆ ಬಿಟ್ಟರೆ 1050 ವ್ಯಾಟ್-ತಾಸು, ಅಂದರೆ ಒಂದು ಯುನಿಟ್ಟಿಗಿಂತ ತುಸು ಹೆಚ್ಚು. ತಿಂಗಳಿಗೆ ಮೂವತ್ತು ಯುನಿಟ್ ದಾಟಿತು! ಮಹಾವಿತರಣದ ದರಪಟ್ಟಿಯಲ್ಲಿ 100 ಯುನಿಟ್ ದಾಟಿದ ಮೇಲಿನ ಪ್ರತಿ ಯುನಿಟ್ಟಿಗೆ ದರವು ಬಹಳ ಏರುತ್ತದೆ. 85 ಯುನಿಟ್ ಸುಡುತ್ತಿದ್ದ ಮನೆಯು ಇದರಿಂದ 115ಕ್ಕೆ ಹೋಗಿ ಮೇಲಿನ ದರದಲ್ಲಿ ಸಿಕ್ಕಿಕೊಳ್ಳುವುದು.

ಈ ವಿದ್ಯುತ್ತು ಪುಕ್ಕಟೆ ಹುಟ್ಟುವುದಿಲ್ಲ. ನಮ್ಮ ಜಿಲ್ಲೆಯ ದಕ್ಷಿಣ ಸೋಲಾಪುರ ತಾಲೂಕಿನಲ್ಲಿಯೇ ಎನ್.ಟಿ.ಪಿ.ಸಿ.ಯ ಕೇಂದ್ರವಿದೆ. ಅಲ್ಲಿ 660 ಮೆಗಾವ್ಯಾಟಿನ ಎರಡು ಘಟಕಗಳಿದ್ದು, ಮೊದಲನೆಯದು 2017ರಲ್ಲಿ, ಎರಡನೆಯದು 2019ರಲ್ಲಿ ಉತ್ಪಾದನೆಗೆ ತೊಡಗಿದವು. ಅದಕ್ಕೆ ಕಲ್ಲಿದ್ದಲು ಬೇಕು, ಉಜನಿ ಜಲಾಶಯದ ನೀರೂ ಬೇಕು. ಒಂದು ಯುನಿಟ್ಟಿಗೆ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ಕಲ್ಲಿದ್ದಲು ಉರಿಯುತ್ತದೆ. ನೀರಿನ ಬೆಲೆಯನ್ನು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಚಾಲೂ ಮಾಡುವಾಗಲೇ ಬಹಳ ವಿದ್ಯುತ್ತು ಬೇಕಾಗುತ್ತದೆ, ಆದ್ದರಿಂದ ಬಿಟ್ಟಿರುವುದೇ ಲಾಭ ಎಂದು ಕೆಲವರು ವಾದಿಸುವುದುಂಟು. ಚಾಲೂ ಆಗುವಾಗಿನ ಹೆಚ್ಚಿನ ಎಳೆತವು ಸ್ವಲ್ಪ ಹೊತ್ತಿನದು. ಅದು ತಾಸುಗಟ್ಟಲೆ ಉರಿಯುವುದಕ್ಕೆ ಸಮವಾಗದು. ಪರದೆಯ ಮೇಲೆ ಮೀನು ಈಜಾಡುವ ಚಿತ್ರ ಬಂದರೆ ಯಂತ್ರವು ವಿಶ್ರಾಂತಿಯಲ್ಲಿದೆ ಎಂದು ತಿಳಿಯುವುದೂ ತಪ್ಪು. ಹಳೆಯ ಕಾಲದ ಗಾಜಿನ ಕೊಳವೆಯ ಪರದೆಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಕಲೆ ಉಳಿಯುತ್ತಿತ್ತು. ಅದನ್ನು ತಪ್ಪಿಸಲು ಈ ಉಪಾಯ ಹುಟ್ಟಿತು. ಅದರಿಂದ ವಿದ್ಯುತ್ತು ಉಳಿಯುವುದಿಲ್ಲ.

ಇನ್ನು ಮಗನ ಮಾತು. ಅದರಲ್ಲಿ ಸ್ವಲ್ಪ ಹುರುಳಿಲ್ಲದಿಲ್ಲ. ತಿರುಗುವ ಹಾರ್ಡ್ ಡಿಸ್ಕಿಗೆ ನಿಂತು ಹೊರಡುವುದು ಶ್ರಮವೇ. ಆದರೆ ಅನೇಕ ತಯಾರಕರು ಅದು 50,000 ಸಲ ನಿಂತು ಹೊರಡಲು ತಾಳುವಂತೆ ಮಾಡಿರುತ್ತಾರೆ. ದಿನಕ್ಕೆ ನಾಲ್ಕು ಸಲದಂತೆ ಲೆಕ್ಕ ಹಾಕಿ ನೋಡಿರಿ, 34 ವರ್ಷವಾಗುತ್ತದೆ. ಅಷ್ಟರಲ್ಲಿ ಆ ಹುಡುಗನ ಮಕ್ಕಳೇ ಹೈಸ್ಕೂಲಿಗೆ ಬಂದಿರುತ್ತಾರೆ. ಹೊಸ ಬಗೆಯ ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ. ನಿಜವಾಗಿ ಯಂತ್ರವನ್ನು ಕೆಡಿಸುವುದು ಕಾವು ಮತ್ತು ಧೂಳು. ಬಿಸಿಲುಗಾಲದಲ್ಲಿ ಸೋಲಾಪುರದ ಕಡೆಗೆ ಉಷ್ಣತೆಯು 40 ಡಿಗ್ರಿ ದಾಟುವುದು ಹೊಸದಲ್ಲ. ಮಾಲದಂಡಿ ಜೋಳದ ರಾಶಿಯ ದಿನಗಳಲ್ಲಿ ಹೊಟ್ಟು ಧೂಳು ಮನೆಯೊಳಗೂ ಬರುತ್ತದೆ. ಚಾಲೂ ಇದ್ದ ಯಂತ್ರದ ಫ್ಯಾನು ಅದನ್ನು ಒಳಗೆ ಎಳೆಯುತ್ತಲೇ ಇರುತ್ತದೆ.

ಹಾಗಾದರೆ ಊಟಕ್ಕೆ ಎದ್ದಾಗಲೂ ಬಂದ್ ಮಾಡಬೇಕೆ? ಬೇಡ. ಅಂಥ ಹೊತ್ತಿಗೆ 'ಸ್ಲೀಪ್' ಎಂಬ ನಿದ್ರೆಯ ಏರ್ಪಾಡು ಇದೆ; ಅದರಲ್ಲಿ ಕೆಲವೇ ವ್ಯಾಟ್ ಸಾಕು. ಆದರೆ ಇಲ್ಲಿ ನಾವು ಎಚ್ಚರದಿಂದಿರಬೇಕು. ರಾತ್ರಿಯೆಲ್ಲ ನಿದ್ರೆಯಲ್ಲಿ ಬಿಟ್ಟರೂ ನಡೆಯುತ್ತದೆಂಬ ಸಲಹೆ ಕರೆಂಟು ಹೋಗದ ನಗರಗಳಿಗೆ ಸರಿ. ನಿದ್ರೆಯಲ್ಲಿರುವಾಗ ನಮ್ಮ ಬರವಣಿಗೆಯು ಯಂತ್ರದ ತಾತ್ಕಾಲಿಕ ಸ್ಮರಣೆಯಲ್ಲಿ ಇರುತ್ತದೆ, ಆ ಸ್ಮರಣೆಗೆ ಕರೆಂಟು ಬೇಕೇ ಬೇಕು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಯು.ಪಿ.ಎಸ್. ಇಲ್ಲದ ಮೇಜಿನ ಯಂತ್ರಕ್ಕೆ ಯಾರ ಆಸರೆ? ಹೇಳದೆ ಲೈಟು ಹೋದರೆ ಮೂರು ದಿನ ಕೂತು ಬರೆದ ನಿಬಂಧವೂ ಹೋದೀತು. ಆದುದರಿಂದ ಏಳುವ ಮುಂಚೆ ಬರೆದದ್ದನ್ನು 'ಸೇವ್' ಮಾಡಬೇಕು. 'ಹೈಬರ್ನೇಟ್' ಎಂಬ ಇನ್ನೊಂದು ಬಗೆಯಲ್ಲಿ ತೆರೆದಿಟ್ಟ ಕೆಲಸವೆಲ್ಲ ಡಿಸ್ಕಿಗೆ ಇಳಿದು ಯಂತ್ರ ಪೂರ್ತಿ ಆರುತ್ತದೆ. ನಮ್ಮ ಕಡೆಗೆ ಅದೇ ಹೆಚ್ಚು ಒಪ್ಪುವುದೆಂದು ನಮ್ಮ ಅಭಿಪ್ರಾಯ.

ರಾತ್ರಿ ಮಲಗುವಾಗ ಮಾತ್ರ ತಾಯಿಯ ಮಾತನ್ನೇ ಕೇಳಬೇಕು. ಬಂದ್ ಮಾಡುವುದಕ್ಕೂ ಕ್ರಮವಿದೆ. ಗೋಡೆಯ ಬಟನ್ ಒಮ್ಮೆಲೆ ಆರಿಸದೆ, ಮೊದಲು 'ಶಟ್ ಡೌನ್' ಕೊಟ್ಟು, ಪರದೆ ಕಪ್ಪಾಗಿ ಫ್ಯಾನಿನ ಸದ್ದು ನಿಂತ ಬಳಿಕ ಗೋಡೆಯ ಬಟನ್ ಆರಿಸಬೇಕು. 'ಅಪ್‌ಡೇಟ್' ನಡೆದಿದೆಯೆಂದು ಪರದೆ ಹೇಳುತ್ತಿದ್ದರೆ ಅದು ಮುಗಿಯುವವರೆಗೆ ತಾಳಬೇಕು. ಕೆಲಸದ ನಡುವೆ ಕರೆಂಟು ಹೋದರೆ ಕೂಡಲೆ ಗೋಡೆಯ ಬಟನ್ ಆರಿಸಿ, ಮರಳಿ ಬಂದ ಮೇಲೂ ಐದು ನಿಮಿಷ ಕಾಯುವುದು ಒಳ್ಳೆಯದು. ಬಂದ ಹೊಸತರಲ್ಲಿ ವೋಲ್ಟೇಜು ಏರಿಳಿಯುತ್ತದೆ. ಮುಂಗಾರಿನ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಬಟನ್ ಆರಿಸಿದರೆ ಸಾಲದು. ಮೋಡ ಹತ್ತಿರ ಬರುವ ಮೊದಲೆ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಿತ್ತಿಡಬೇಕು.

ದೀಪಾವಳಿಗೆ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆ. ಮನೆ ತುಂಬ ಬೀಗರು ಬಂದಿರುವಾಗ ಯಂತ್ರದ ಮುಂದೆ ಕೂಡ್ರುವವರಾರು? ಅಂಥ ದಿನಗಳಲ್ಲಿ ಯು.ಪಿ.ಎಸ್.ಅನ್ನೂ ಆರಿಸಿರಿ, ಅದೂ ಸುಮ್ಮನೆ ಸ್ವಲ್ಪ ವಿದ್ಯುತ್ತು ತಿನ್ನುತ್ತಿರುತ್ತದೆ. ಪ್ಲಗ್ ಕಿತ್ತರೆ ಯಂತ್ರವು ತಾರೀಖು ಮರೆಯುವುದೆಂಬ ಅಂಜಿಕೆ ಬೇಡ. ಅದರೊಳಗೆ ರೂಪಾಯಿ ನಾಣ್ಯದಂಥ ಚಿಕ್ಕ ಸೆಲ್ಲೊಂದು ಗಡಿಯಾರವನ್ನು ನಡೆಸುತ್ತಿರುತ್ತದೆ. ಕೆಲವು ವರ್ಷಗಳ ಮೇಲೆ ಯಂತ್ರವು ಯಾವುದೋ ಹಳೆಯ ಇಸವಿಯನ್ನು ತೋರಿಸತೊಡಗಿದರೆ, ಆ ಸೆಲ್ಲನ್ನು ಬದಲಿಸಿದರಾಯಿತು.