ಗೊರಟು ನೆಡುವ ಮುನ್ನ

ಮಾವಿನ ಕಾಲದಲ್ಲಿ ನಮ್ಮ ಅನೇಕ ಮನೆಗಳಲ್ಲಿ ನಡೆಯುವ ಸಂಗತಿಯೊಂದಿದೆ. ಪೇಟೆಯಿಂದ ತಂದ ಬಾದಾಮಿ ಮಾವನ್ನು ಮಕ್ಕಳು ಗೊರಟು ಬೆಳ್ಳಗಾಗುವವರೆಗೂ ಚೀಪಿ, ಬಚ್ಚಲ ನೀರು ಹರಿಯುವ ಕಡೆ ಮಣ್ಣಿನಲ್ಲಿ ಹೂತುಬಿಡುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ತಾಮ್ರದ ಬಣ್ಣದ ಎಳೆಯ ಎಲೆಗಳು ಮೇಲೆ ಬರುತ್ತವೆ. ಮನೆಯವರೆಲ್ಲ ಹಿಗ್ಗುತ್ತಾರೆ, ಸುತ್ತ ಬೇಲಿ ಕಟ್ಟುತ್ತಾರೆ, ಬೇಸಿಗೆಯಲ್ಲಿ ಬಾವಿಯಿಂದ ನೀರು ಸೇದಿ ಹೊಯ್ಯುತ್ತಾರೆ. ಏಳೆಂಟು ವರ್ಷ ಕಳೆದು ಮೊದಲ ಹಣ್ಣು ಕೈಗೆ ಬಂದಾಗ ಅದು ನಾರು ತುಂಬಿದ ಹುಳಿ ಹಣ್ಣು! ಆಗ ಕೆಲವರು ಮಣ್ಣನ್ನು ದೂರುತ್ತಾರೆ, ಕೆಲವರು 'ಕಣ್ಣು ಬಿತ್ತು' ಎಂದು ನೆರೆಹೊರೆಯವರನ್ನು ಶಂಕಿಸುತ್ತಾರೆ. ಕೊನೆಗೆ ಮರದ ಬುಡಕ್ಕೆ ಕೊಡಲಿ ಬೀಳುತ್ತದೆ.

ಪ್ರಿಯ ಓದುಗರೇ, ಇಲ್ಲಿ ಬೀಜ ಮೋಸ ಮಾಡಲಿಲ್ಲ. ಅದು ಕೊಡದಿದ್ದ ಮಾತನ್ನು ಕೊಟ್ಟಿದೆಯೆಂದು ನಾವೇ ನಂಬಿಕೊಂಡಿದ್ದೆವು. ಯಾವ ಬೀಜ ತಾಯಿಯ ಗುಣವನ್ನು ಉಳಿಸಿಕೊಳ್ಳುತ್ತದೆ, ಯಾವುದು ಉಳಿಸಿಕೊಳ್ಳುವುದಿಲ್ಲ ಎಂಬುದನ್ನು ನೆಡುವ ಮೊದಲೇ ತಿಳಿದಿದ್ದರೆ ಎಂಟು ವರ್ಷಗಳ ದುಡಿಮೆಯೂ ನಿರಾಶೆಗೆ ಈಡಾಗುವುದಿಲ್ಲ, ಒಂದು ಮರದ ಜೀವವೂ ವ್ಯರ್ಥವಾಗುವುದಿಲ್ಲ.

ನವಾ ಮತ್ತು ಫಸೀಲ

ಪವಿತ್ರ ಕುರ್‌ಆನಿನ ಅಲ್‌ಅನ್‌ಆಮ್ ಅಧ್ಯಾಯದ 95ನೇ ಸೂಕ್ತದಲ್ಲಿ, ಕಾಳನ್ನೂ ಗೊರಟನ್ನೂ ಸೀಳಿ ಮೊಳಕೆಯನ್ನು ಹೊರತರುವವನು ತಾನೇ ಎಂದು ಅಲ್ಲಾಹನು ತಿಳಿಸಿದ್ದಾನೆ. ಅಲ್ಲಿ ಗೊರಟಿಗೆ ಬಂದಿರುವ ಪದ 'ನವಾ'. ಇನ್ನೊಂದು ಕಡೆ, ಲೋಕಾಂತ್ಯದ ಗಳಿಗೆ ಬಂದೇ ಬಿಟ್ಟರೂ ಕೈಯಲ್ಲಿ ಸಸಿಯಿದ್ದವನು ಸಾಧ್ಯವಾದರೆ ಅದನ್ನು ನೆಟ್ಟುಬಿಡಲಿ ಎಂಬ ಅರ್ಥದ ಪ್ರವಾದಿ ವಚನವನ್ನು ನೀವು ಕೇಳಿರಬಹುದು. ಅನಸ್(ರ) ವರದಿ ಮಾಡಿರುವ ಈ ಹದೀಸ್ ಮುಸ್ನದ್ ಅಹ್ಮದ್‌ನಲ್ಲಿದೆ. ಅದರಲ್ಲಿರುವ ಪದ 'ಫಸೀಲ'. ನಾವು ಅದನ್ನು 'ಸಸಿ' ಎಂದು ಅನುವಾದಿಸಿ ಮುಂದೆ ಸಾಗುತ್ತೇವೆ. ಆದರೆ ಫಸೀಲ ಎಂದರೆ ಗೊರಟಿನಿಂದ ಹುಟ್ಟಿದ ಗಿಡವಲ್ಲ. ಅದು ತಾಯಿ ಖರ್ಜೂರದ ಬುಡದಲ್ಲಿ ಮೂಡಿದ ಮರಿ, ನಮ್ಮ ಬಾಳೆಯ ಕಂದಿನ ಹಾಗೆ.

ಖರ್ಜೂರ ತಿಂದು ಎಸೆದ ಗೊರಟುಗಳಿಗೆ ಮದೀನದಲ್ಲಿ ಬರಗಾಲವಿರಲಿಲ್ಲ. ಆದರೂ ಅಲ್ಲಿನ ತೋಟಗಾರರು ಮರಿಗಳನ್ನೇ ಕಿತ್ತು ನೆಡುತ್ತಿದ್ದುದೇಕೆ? ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗೊರಟಿನಿಂದ ಎದ್ದ ಗಿಡಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗುತ್ತವೆ. ಅದು ಗೊತ್ತಾಗುವುದು ಹಲವು ವರ್ಷಗಳ ನಂತರ ಹೂ ಬಿಟ್ಟಾಗಲೇ. ಹೆಣ್ಣಾದ ಗಿಡವೂ ತಾಯಿಯಂಥ ಹಣ್ಣನ್ನೇ ಕೊಡುತ್ತದೆಂಬ ಭರವಸೆಯಿಲ್ಲ. ಮರಿಯಾದರೋ ತಾಯಿಯದೇ ಒಂದು ತುಂಡು. ಅದರ ಹಣ್ಣು ತಾಯಿಯ ಹಣ್ಣೇ. ಸಲ್ಮಾನುಲ್ ಫಾರಿಸಿ(ರ)ಯವರು ಗುಲಾಮಗಿರಿಯಿಂದ ಬಿಡುಗಡೆ ಪಡೆಯಲು 300 ಖರ್ಜೂರ ಗಿಡಗಳನ್ನು ನೆಟ್ಟುಕೊಡಬೇಕಾಗಿ ಬಂದಾಗಲೂ ಸಹಾಬಿಗಳು ಒಬ್ಬರು 30, ಒಬ್ಬರು 20, ಒಬ್ಬರು 10 ಎಂದು ತಂದುಕೊಟ್ಟದ್ದು ಇಂಥ ಮರಿಗಳನ್ನೇ. ಪ್ರವಾದಿವರ್ಯರು(ಸ) ಅವುಗಳನ್ನು ಸ್ವಹಸ್ತದಿಂದ ನೆಟ್ಟರು.

ತೋಟದ ವಿದ್ಯೆ ತೋಟಗಾರನದು ಎಂಬುದಕ್ಕೂ ಮದೀನದಲ್ಲೇ ಪಾಠವಿದೆ. ಅಲ್ಲಿಯವರು ಗಂಡು ಖರ್ಜೂರದ ಹೂವನ್ನು ತಂದು ಹೆಣ್ಣು ಹೂವಿಗೆ ತಾಗಿಸುವುದನ್ನು ಪ್ರವಾದಿವರ್ಯರು(ಸ) ಕಂಡು, ಇದರಿಂದ ಪ್ರಯೋಜನವಿದೆಯೆಂದು ತನಗೆ ಅನಿಸುವುದಿಲ್ಲ ಎಂದರು. ಜನರು ಅದನ್ನು ಬಿಟ್ಟುಬಿಟ್ಟರು. ಆ ವರ್ಷ ಫಸಲು ಕೆಟ್ಟಿತು. ಆಗ ಅವರು, ಅದು ತನ್ನ ಅನಿಸಿಕೆ ಮಾತ್ರವಾಗಿತ್ತು, ಇಂಥ ಲೌಕಿಕ ಕೆಲಸಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂಬರ್ಥದಲ್ಲಿ ತಿಳಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಆದ್ದರಿಂದ ಬೀಜದ ಸ್ವಭಾವವನ್ನು ಬಲ್ಲವರಿಂದ ಕೇಳಿ ತಿಳಿಯುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ತಾಯಿಯಂತೆ ಮಗಳೇ?

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತಾರೆ. ಹಣ್ಣಿನ ಮರಗಳಲ್ಲಿ ಈ ಗಾದೆ ಅರ್ಧ ಮಾತ್ರ ನಿಜ. ಮಾವಿನ ಹೂವಿಗೆ ನೊಣ, ಜೇನುಗಳು ಊರಿನ ಎಲ್ಲೆಲ್ಲಿಂದಲೋ ಪರಾಗವನ್ನು ಹೊತ್ತು ತರುತ್ತವೆ. ಹಣ್ಣಿನ ತಿರುಳು ತಾಯಿ ಮರದ್ದು. ಒಳಗಿನ ಬೀಜದಲ್ಲಿ ಮಾತ್ರ ತಾಯಿಯ ಜೊತೆಗೆ ಕಾಣದ ತಂದೆಯ ಪಾಲೂ ಇದೆ. ಆದ್ದರಿಂದ ಬಾದಾಮಿ, ರಸಪುರಿ, ಮಲಗೋವಾ, ಮಲ್ಲಿಕಾ ಮುಂತಾದ ಜಾತಿಗಳ ಗೊರಟಿನಿಂದ ಹುಟ್ಟುವ ಮರ ಹೊಸದೇ ಒಂದು ಮರ. ಅದು ತಾಯಿಗಿಂತ ಮೇಲಾದೀತು. ಹೆಚ್ಚಾಗಿ ಕೀಳಾಗುತ್ತದೆ.

ಆದರೆ ಮಾವಿನಲ್ಲೇ ಇನ್ನೊಂದು ಬಗೆಯಿದೆ. ಒಂದೇ ಗೊರಟಿನಿಂದ ಎರಡು, ಮೂರು ಸಸಿಗಳು ಏಳುವುದನ್ನು ಕರಾವಳಿಯವರು ಕಂಡಿರಬಹುದು. ಪಡುವಣ ಕರಾವಳಿಯ ಒಲೂರ್, ಕುರುಕ್ಕನ್, ಚಂದ್ರಕಾರನ್, ಬಪ್ಪಕಾಯಿ ಇಂಥವು. ಇವುಗಳ ಗೊರಟಿನಲ್ಲಿ ಪರಾಗದ ಹಂಗಿಲ್ಲದೆ ತಾಯಿಯ ಅಂಶದಿಂದಲೇ ಮೂಡಿದ ಭ್ರೂಣಗಳಿರುತ್ತವೆ. ಅವುಗಳಿಂದ ಬೆಳೆದ ಮರ ತಾಯಿಯಂತೆಯೇ ಹಣ್ಣು ಕೊಡುತ್ತದೆ. ಅರ್ರಅದ್ ಅಧ್ಯಾಯದ 4ನೇ ಸೂಕ್ತ ನಮ್ಮ ಗಮನವನ್ನು ಸೆಳೆಯುವುದೂ ಈ ವೈವಿಧ್ಯದ ಕಡೆಗೇ. ಒಂದೇ ನೀರು ಕುಡಿದ, ಅಕ್ಕಪಕ್ಕದ ನೆಲದಲ್ಲಿ ನಿಂತ ಮರಗಳ ಫಲಗಳಲ್ಲಿ ಒಂದನ್ನು ಇನ್ನೊಂದಕ್ಕಿಂತ ಮಿಗಿಲಾಗಿಸಿರುವುದರಲ್ಲಿ ಆಲೋಚಿಸುವವರಿಗೆ ದೃಷ್ಟಾಂತವಿದೆಯೆಂದು ಅದು ಹೇಳುತ್ತದೆ.

ಯಾವುದಕ್ಕೆ ಬೀಜ, ಯಾವುದಕ್ಕೆ ಕಸಿ?

1. ನಿಂಬೆ: ಧೈರ್ಯವಾಗಿ ಬೀಜದಿಂದ ಬೆಳೆಸಬಹುದು. ಇದರ ಬೀಜದಲ್ಲೂ ಒಂದಕ್ಕಿಂತ ಹೆಚ್ಚು ಭ್ರೂಣಗಳಿವೆ. ಹಣ್ಣಿನಿಂದ ತೆಗೆದ ಬೀಜವನ್ನು ಒಣಗಲು ಬಿಡದೆ ಬಿತ್ತಿ. ಎದ್ದ ಸಸಿಗಳಲ್ಲಿ ಪುಷ್ಟವಾಗಿ ಒಂದೇ ತೆರನಾಗಿರುವುದನ್ನು ಇಟ್ಟುಕೊಂಡು, ಕುಳ್ಳಾಗಿ ಬೇರೆಯಾಗಿ ಕಾಣುವುದನ್ನು ತೆಗೆದುಬಿಡಿ.

2. ಪಪ್ಪಾಯಿ: ಬೀಜದಿಂದಲೇ ಬೆಳೆಸುವ ಬೆಳೆ. ಬೀಜದ ಮೇಲಿನ ಲೋಳೆಯನ್ನು ಬೂದಿಯಲ್ಲಿ ಉಜ್ಜಿ ತೆಗೆದರೆ ಬೇಗ ಮೊಳೆಯುತ್ತದೆ. ನಾಡ ತಳಿಗಳಲ್ಲಿ ಗಂಡು ಗಿಡಗಳೂ ಬರುವುದರಿಂದ ಒಂದು ಗುಂಡಿಗೆ ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಉದ್ದನೆಯ ಗೊಂಚಲಿನಲ್ಲಿ ಹೂ ತೂಗುವ ಗಂಡು ಗಿಡಗಳನ್ನು ಕಿತ್ತುಹಾಕಿ. ಸುತ್ತಮುತ್ತ ಒಂದು ಗಂಡು ಗಿಡ ಉಳಿದರೆ ಸಾಕು. ಕೊಡಗಿನ ಚೆಟ್ಟಳ್ಳಿಯಲ್ಲಿ ಆಯ್ಕೆ ಮಾಡಿದ 'ಕೂರ್ಗ್ ಹನಿ ಡ್ಯೂ' ತಳಿಯಲ್ಲಿ ಗಂಡು ಗಿಡದ ತೊಂದರೆಯಿಲ್ಲ.

3. ಸೀತಾಫಲ: ಬೀಜದಿಂದ ಬೆಳೆಸಿದರೂ ಬಹುಮಟ್ಟಿಗೆ ತೃಪ್ತಿ ಕೊಡುತ್ತದೆ. ನಾಲ್ಕನೇ ವರ್ಷದ ಹೊತ್ತಿಗೆ ಹಣ್ಣು ನಿರೀಕ್ಷಿಸಬಹುದು. ಇದರ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳು ಅದನ್ನು ಜಜ್ಜಿ ಆಡದಂತೆ ನೋಡಿಕೊಳ್ಳಿ.

4. ಹಲಸು: ಬೀಜದಿಂದ ಸುಲಭವಾಗಿ ಏಳುತ್ತದೆ. ಆದರೆ ಬಕ್ಕೆಯ ಬೀಜದಿಂದ ತುಳುವ ಬಂದರೆ ಆಶ್ಚರ್ಯಪಡಬೇಡಿ. ನಿರ್ದಿಷ್ಟ ಗುಣವೇ ಬೇಕಾದರೆ ಕಸಿ ಗಿಡ ತನ್ನಿ.

5. ಪುನರ್ಪುಳಿ (ಮುರುಗಲು): ಖರ್ಜೂರದಂತೆ ಇದರಲ್ಲೂ ಗಂಡು, ಹೆಣ್ಣು ಬೇರೆ ಬೇರೆ. ಬೀಜದ ಗಿಡ ಗಂಡೆಂದು ತಿಳಿಯುವಾಗ ಆರೇಳು ವರ್ಷ ಕಳೆದಿರುತ್ತದೆ. ಒಂದೇ ಗಿಡಕ್ಕೆ ಜಾಗವಿರುವವರಿಗೆ ಫಲ ಕೊಡುವ ಮರದಿಂದ ಮಾಡಿದ ಕಸಿಯೇ ಲೇಸು.

6. ಚಿಕ್ಕು, ಪೇಟೆಯ ಮಾವಿನ ಜಾತಿಗಳು: ಕಸಿ ಗಿಡವೇ ಸರಿ.

7. ಖರ್ಜೂರ: ರಮಝಾನಿನ ಇಫ್ತಾರ್‌ನ ಗೊರಟುಗಳನ್ನು ಮಕ್ಕಳು ಹೂಳುವುದುಂಟು. ಮೊಳೆಯುತ್ತವೆ, ಗಿಡವೂ ಆಗುತ್ತದೆ. ಆದರೆ ಹಣ್ಣು ಮಾಗಲು ಮಳೆಯಿಲ್ಲದ ಒಣ ಬಿಸಿಲು ಬೇಕು. ನಮ್ಮ ಕರಾವಳಿಯಲ್ಲಿ ಅದು ಮಾಗುವ ಕಾಲವೂ ಮಳೆಗಾಲವೂ ಒಂದೇ. ಅಂದಕ್ಕೆ ಬೆಳೆಸಿ, ಹಣ್ಣಿನ ಆಸೆಯಿಂದ ಬೇಡ.

ಹಾಗಾದರೆ ಮಕ್ಕಳು ಹೂತ ಬಾದಾಮಿಯ ಗೊರಟು ವ್ಯರ್ಥವೇ? ಅಲ್ಲ. ಆ ಸಸಿಯನ್ನೇ ಬೇರುಗಿಡವನ್ನಾಗಿ ಇಟ್ಟುಕೊಂಡು ಕಸಿ ಬಲ್ಲವರಿಂದ ಒಳ್ಳೆಯ ಮರದ ಕಡ್ಡಿಯನ್ನು ಕೂಡಿಸಬಹುದು. ಮಳೆಗಾಲದ ತೇವವಿರುವಾಗ ಇದು ಚೆನ್ನಾಗಿ ಹತ್ತುತ್ತದೆ. ಬೇರು ನಿಮ್ಮ ಮಕ್ಕಳ ಗೊರಟಿನದು, ಹಣ್ಣು ನೀವು ಆರಿಸಿದ್ದು. ಕಸಿ ಕೂಡಿದ ಜಾಗದ ಕೆಳಗಿನಿಂದ ಚಿಗುರೊಡೆದರೆ ಕೂಡಲೇ ಚಿವುಟಬೇಕು. ಇಲ್ಲವಾದರೆ ಕೆಳಗಿನ ಚಿಗುರು ಬಲಿತು ಮೇಲಿನ ಕಸಿಯನ್ನು ನುಂಗುತ್ತದೆ.

ಬಿತ್ತುವ ಕ್ರಮ

ಮಾವು, ಹಲಸಿನ ಬೀಜಗಳು ಭತ್ತದ ಬೀಜದಂತೆ ಕಾದಿಡುವಂಥವಲ್ಲ. ಒಣಗಿದರೆ ಸಾಯುತ್ತವೆ. ಮಾವಿನ ಗೊರಟನ್ನು ನಾಲ್ಕು ವಾರಗಳೊಳಗೆ, ಹಲಸಿನ ಬೀಜವನ್ನು ಸಾಧ್ಯವಾದರೆ ಹದಿನೈದು ದಿನಗಳೊಳಗೆ ಬಿತ್ತಿಬಿಡಿ. ಗೊರಟನ್ನು ತೊಳೆದು ನೀರಿಗೆ ಹಾಕಿ, ತೇಲುವುದನ್ನು ಬಿಡಿ. ಮುಳುಗಿದ್ದರ ಗಟ್ಟಿ ಸಿಪ್ಪೆಯನ್ನು ಅಂಚಿನಿಂದ ಜಾಗ್ರತೆಯಾಗಿ ಸೀಳಿ ಒಳಗಿನ ಬೀಜವನ್ನು ಬಿತ್ತಿದರೆ ಬೇಗ ಮೊಳೆಯುತ್ತದೆ, ಒಳಗೆ ಹುಳವಿದ್ದರೆ ಅದೂ ತಿಳಿಯುತ್ತದೆ.

ಮಣ್ಣು, ಮರಳು, ಹಳೆಯ ಹಟ್ಟಿಗೊಬ್ಬರವನ್ನು ಸಮನಾಗಿ ಬೆರೆಸಿ, ತಳದಲ್ಲಿ ತೂತು ಮಾಡಿದ ಚೀಲದಲ್ಲಿ ತುಂಬಿ. ಬೀಜದ ಮೇಲೆ ಒಂದೆರಡು ಅಂಗುಲ ಮಣ್ಣು ಸಾಕು. ಹಲಸು ತಾಯಿಬೇರನ್ನು ಬೇಗನೆ ಆಳಕ್ಕಿಳಿಸುವ ಗಿಡ. ಕಿತ್ತು ನೆಟ್ಟರೆ ಸೊರಗುತ್ತದೆ. ಅದಕ್ಕೆ ಉದ್ದನೆಯ ಚೀಲ ಬೇಕು, ಇಲ್ಲವೇ ನೇರವಾಗಿ ಗುಂಡಿಯಲ್ಲೇ ಬಿತ್ತಬೇಕು. ಮಾವು, ಹಲಸುಗಳಿಗೆ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ. ಗಿಡದಿಂದ ಗಿಡಕ್ಕೆ 25ರಿಂದ 30 ಅಡಿ ಬಿಡಿ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರು ದೊಡ್ಡ ಮರಗಳ ಆಸೆ ಬಿಟ್ಟು ನಿಂಬೆ, ಪೇರಳೆ, ಪಪ್ಪಾಯಿ, ಸೀತಾಫಲಗಳನ್ನು ಆರಿಸಿಕೊಳ್ಳುವುದು ಬುದ್ಧಿವಂತಿಕೆ.

ಅಂಗಳದಲ್ಲೂ ಧರ್ಮವಿದೆ

ಆವರಣ ಗೋಡೆಗೆ ತಾಗಿಸಿ ಹಲಸು ನೆಡುವಾಗ ಒಮ್ಮೆ ಯೋಚಿಸಿ. ಇಪ್ಪತ್ತು ವರ್ಷಗಳ ನಂತರ ಅದರ ಬೇರು ಯಾರ ಗೋಡೆಯನ್ನು ಬಿರಿಯಿಸುತ್ತದೆ? ಅದರ ಕೊಂಬೆ ಯಾರ ಹೆಂಚಿನ ಮೇಲೆ ಬೀಳುತ್ತದೆ? ನೆರೆಯವನ ಹಕ್ಕನ್ನು ಅಷ್ಟೊಂದು ಒತ್ತಿ ಹೇಳಿದ ಧರ್ಮದ ಅನುಯಾಯಿಗಳು ಗಡಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನೆಡಬೇಕಲ್ಲವೇ?

ಸಸಿ ಮಾರುವವರಿಗೂ ಒಂದು ಮಾತು. ಬೀಜದ ಗಿಡವನ್ನು ಕಸಿ ಗಿಡವೆಂದು ಮಾರುವವರಿದ್ದಾರೆ. ಕೊಂಡವನಿಗೆ ಮೋಸ ತಿಳಿಯುವುದು ಏಳೆಂಟು ವರ್ಷಗಳ ನಂತರ. ಆಗ ಹಣ ಹಿಂದಿರುಗಿಸಿದರೂ ಆ ವರ್ಷಗಳನ್ನು ಹಿಂದಿರುಗಿಸಲು ಯಾರಿಂದ ಸಾಧ್ಯ? ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಿನ ಒದ್ದೆಯನ್ನು ಮೇಲೆ ಕಾಣಿಸದ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ಎಚ್ಚರಿಸಿದ ಘಟನೆಯನ್ನು ಇಂಥವರು ನೆನೆಯಬೇಕು. ಕೊಳ್ಳುವವರು ಕಾಂಡದಲ್ಲಿ ಕಸಿ ಕೂಡಿದ ಗಂಟನ್ನು ನೋಡಿಯೇ ಕೊಳ್ಳಬೇಕು. ತೋಟಗಾರಿಕಾ ಇಲಾಖೆಯ ತೋಟಗಳಲ್ಲಿಯೂ ಕಸಿ ಗಿಡಗಳು ದೊರೆಯುತ್ತವೆ.

ಯಾರ ಪಾಲಿನ ಹಣ್ಣು?

ಇಷ್ಟೆಲ್ಲ ಓದಿದ ಮೇಲೆ, 'ಹಾಗಾದರೆ ಬೀಜ ನೆಡುವುದೇ ಬೇಡ' ಎಂದು ತೀರ್ಮಾನಿಸಬೇಡಿ. ಕಸಿ ಮಾಡುವವರಿಗೆ ಕಡ್ಡಿ ಎಲ್ಲಿಂದ ಬರುತ್ತದೆ? ಎಂದೋ ಒಂದು ಬೀಜದಿಂದ ಎದ್ದ ಅಪರೂಪದ ಮರದಿಂದಲೇ. ಲಕ್ನೋ ಸಮೀಪದ ದಶಹರಿ ಗ್ರಾಮದ ಒಂದು ಮರದಿಂದ ದಶಹರಿ ಮಾವು ದೇಶಕ್ಕೆಲ್ಲ ಹಬ್ಬಿತು. ಮಲೆನಾಡಿನ ಹೊಳೆದಂಡೆಗಳಲ್ಲಿ ತಾವಾಗಿ ಬೆಳೆದ ಮರಗಳೇ ನಮಗೆ ಅಪ್ಪೆಮಿಡಿಯನ್ನು ಕೊಟ್ಟವು. ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ರೈತರೊಬ್ಬರು ನೆಟ್ಟಿದ್ದ ಹಲಸು ತಾಮ್ರಗೆಂಪು ತೊಳೆಯ ಸಣ್ಣ ಹಣ್ಣುಗಳನ್ನು ಬಿಟ್ಟಿತು. 2017ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅದರ ಕಸಿ ಗಿಡಗಳನ್ನು ಬೆಳೆಸಿ ಹಂಚಲು ಅವರ ಮಗನೊಂದಿಗೆ ಒಪ್ಪಂದ ಮಾಡಿಕೊಂಡಿತು. ತಳಿಗೆ 'ಸಿದ್ದು' ಎಂಬ ಹೆಸರು ಬಂದದ್ದು ಆ ತಂದೆಯ ನೆನಪಿಗೆ. ನೆಟ್ಟವರು ತಂದೆ, ಫಲ ಕಂಡವನು ಮಗ, ಈಗ ತಿನ್ನುವವರು ಅವರನ್ನು ನೋಡಿಯೂ ಇಲ್ಲದ ಸಾವಿರಾರು ಜನ.

ಸತ್ಯವಿಶ್ವಾಸಿಯೊಬ್ಬನು ಗಿಡ ನೆಟ್ಟರೆ, ಅದರಿಂದ ಮನುಷ್ಯ, ಹಕ್ಕಿ, ಪ್ರಾಣಿಗಳು ತಿಂದದ್ದೆಲ್ಲ ಅವನ ಪಾಲಿಗೆ ದಾನವೆಂದು ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿರುವ ಹದೀಸ್ ತಿಳಿಸುತ್ತದೆ. ಜಾಬಿರ್(ರ) ವರದಿ ಮಾಡಿರುವ ಹದೀಸಿನಲ್ಲಿ, ಅದರಿಂದ ಕದ್ದು ಹೋದದ್ದೂ ನೆಟ್ಟವನಿಗೆ ದಾನವೇ ಎಂದಿದೆ. ಕದ್ದವನು ತನ್ನ ತಪ್ಪಿಗೆ ಉತ್ತರ ಹೇಳಲಿ, ನಿಮಗೆ ನಷ್ಟವಿಲ್ಲ. ಶಾಲೆಯಿಂದ ಬರುವ ಹುಡುಗರು ನಿಮ್ಮ ಮಾವಿಗೆ ಕಲ್ಲೆಸೆದಾಗ ಬೈಗುಳ ಬಾಯಿಗೆ ಬರುವ ಮೊದಲು ಈ ಮಾತು ನೆನಪಾಗಲಿ. ಬಾವಲಿ ತಿಂದುಳಿಸಿದ ಪೇರಳೆಯನ್ನು ಗುಡಿಸುವಾಗಲೂ ನೆನಪಾಗಲಿ. ಅಲ್ಲಿ ಸಿಹಿ, ಹುಳಿಗಳ ಶರತ್ತು ಹಾಕಿಲ್ಲ. ಹುಳಿ ಮಾವನ್ನು ಗೊಜ್ಜಿಗೆ ಕೊಯ್ದ ನೆರೆಮನೆಯಾಕೆಯ ಪಾಲೂ ನಿಮ್ಮ ಲೆಕ್ಕದಲ್ಲಿ ಬರೆಯಲ್ಪಡುತ್ತದೆ.

ಈ ಮಳೆಗಾಲದಲ್ಲಿ ಪ್ರತಿ ಮನೆಯವರೂ ಎರಡು ಗುಂಡಿ ತೋಡೋಣ. ಒಂದರಲ್ಲಿ ನಮ್ಮ ಮಕ್ಕಳ ಬಾಯಿಗೆಂದು ಚೆನ್ನಾಗಿ ಆರಿಸಿದ ಕಸಿ ಗಿಡವಿರಲಿ. ಜಾಗವಿದ್ದವರು ಇನ್ನೊಂದರಲ್ಲಿ ಬೀಜವೊಂದನ್ನು ಬಿಸ್ಮಿಲ್ಲಾಹ್ ಹೇಳಿ ಬಿತ್ತಲಿ. ಅದು ಏನಾಗುವುದೆಂದು ಗೊರಟನ್ನು ಸೀಳುವವನೇ ಬಲ್ಲ. ಅದರ ಹಣ್ಣು ಯಾರ ಪಾಲಿನದೆಂಬ ಲೆಕ್ಕವನ್ನೂ ಅವನಿಗೇ ಬಿಡೋಣ.