ಅಂಕಿಯೊಡನೆ ಏರಿಳಿಯುವ ಚಿತ್ರ

ಕನ್ನಂಬಾಡಿಯಲ್ಲಿ ನೀರು ಎಷ್ಟಿದೆ ಎಂಬುದು ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತರಿಗೆ ಬರಿಯ ಕುತೂಹಲದ ಪ್ರಶ್ನೆಯಲ್ಲ. ವಿಶ್ವೇಶ್ವರಯ್ಯ ನಾಲೆಯನ್ನು ನಂಬಿ ಭತ್ತದ ನಾಟಿ ಮಾಡುವವರು ಅವರು. ಆ ಮಟ್ಟವನ್ನು ಚಿತ್ರದಲ್ಲಿ ತೋರಿಸುವ ಮೊಬೈಲ್ ಆಪ್ ಒಂದನ್ನು ನಾವೇ ರಚಿಸುವುದಾದರೆ?

ಒಂದೊಂದು ಮಟ್ಟಕ್ಕೂ ಒಂದೊಂದು ಫೋಟೋ ಬೇಕಾಗಿಲ್ಲ. ಫೋಟೋ ಬಣ್ಣದ ಚುಕ್ಕಿಗಳ ರಾಶಿ. ವೆಕ್ಟರ್ ಚಿತ್ರವಾದರೋ ಬಿಂದು, ರೇಖೆ, ಬಣ್ಣಗಳ ವಿವರಣೆ. 1963ರಲ್ಲಿ ಅಮೆರಿಕದ ಐವನ್ ಸದರ್‌ಲೆಂಡ್ ರಚಿಸಿದ ‘ಸ್ಕೆಚ್‌ಪ್ಯಾಡ್’ ಈ ಬಗೆಯ ಚಿತ್ರಗಳಿಗೆ ದಾರಿ ತೋರಿತು. ಚಿತ್ರ ಬರೆಯುವಾಗಲೇ ನೀರಿನ ಭಾಗಕ್ಕೆ ‘ನೀರು’ ಎಂದು ಹೆಸರಿಟ್ಟಿದ್ದರೆ, ಆಪ್ ನಡೆಯುತ್ತಿರುವಾಗಲೇ ಆ ಭಾಗವನ್ನು ಹುಡುಕಿ ಅದರ ಎತ್ತರವನ್ನು ತಿದ್ದಬಹುದು. ಉಳಿದ ರೇಖೆಗಳು ಕದಲುವುದಿಲ್ಲ.

ಲೆಕ್ಕ ಸುಲಭ. ಜಲಾಶಯದ ಪೂರ್ಣಮಟ್ಟ 124.80 ಅಡಿ. ಚಿತ್ರದ ಎತ್ತರ 312 ಮಾನಗಳಾದರೆ ಅಡಿಗೆ 2.5 ಮಾನ, 100 ಅಡಿಗೆ 250. ಆದರೆ ಪರದೆಯ ಮೇಲೆ ಅಳತೆ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಆದುದರಿಂದ ನೀರಿನ ಮೇಲ್ಮೈ 312 − 250 = 62ರಲ್ಲಿರಬೇಕು. ಇದನ್ನು ಮರೆತರೆ ನೀರು ಸೂರಿನಿಂದ ತೂಗಾಡೀತು!

ಇನ್ನೊಂದು ತೊಡಕು ನಗುವಂಥದಲ್ಲ. ಜಲಾಶಯ ತಳದಲ್ಲಿ ಕಿರಿದು, ಮೇಲೆ ವಿಶಾಲ. ಅರ್ಧ ಎತ್ತರಕ್ಕೆ ನೀರಿದ್ದರೆ ಸಂಗ್ರಹ ಅರ್ಧಕ್ಕಿಂತ ಬಹಳ ಕಡಮೆ. ಅದನ್ನು ನೆಟ್ಟಗಿನ ಡಬ್ಬಿಯಂತೆ ಚಿತ್ರಿಸಿದರೆ ನಾಲೆಯ ಕೊನೆಯಲ್ಲಿರುವ ರೈತನು ಮೋಸಹೋದಾನು. ಆದಕಾರಣ ಸಂಗ್ರಹಕ್ಕೆ ಬೇರೊಂದು ಪಟ್ಟಿಯನ್ನು ಬರೆದು, ಅದಕ್ಕೂ ಹೆಸರಿಡೋಣ. ಹೊಸ ಅಂಕಿ ಬಾರದ ದಿನ ನೀರಿನ ಬಣ್ಣವನ್ನು ಬೂದಿಗೆ ತಿರುಗಿಸಿ, ಕಡೆಯ ಅಂಕಿಯ ದಿನಾಂಕವನ್ನು ಕೆಳಗೆ ದಪ್ಪಕ್ಷರದಲ್ಲಿ ಕಾಣಿಸೋಣ.